ಮಿಬ್ ಫೈಲುಗಳನ್ನು ಕೋಡ್ ಜೊತೆ ಇಡೋದಾ, ಬರೀ ಒಐಡಿ ಅಂಕಿ ಬರೆದು ಮುಗಿಸೋದಾ?

ಮೂಡಿಗೆರೆ_ಕಾಫಿಕಣ:
ಮೂಡಿಗೆರೆ, ಆಲ್ದೂರು, ಕೊಟ್ಟಿಗೆಹಾರದ ಕಡೆ 9 ಟವರ್. ಪ್ರತಿ ಟವರಲ್ಲೂ ಒಂದು ಸ್ವಿಚ್, ಒಂದು ಯುಪಿಎಸ್, ಒಂದು ಪುಟ್ಟ ಲಿನಕ್ಸ್ ಬಾಕ್ಸ್. ಸಾಧನಗಳ ಸ್ಥಿತಿ ಕೇಳೋ ಎಸ್‌ಎನ್‌ಎಂಪಿ ಪ್ರೋಟೊಕಾಲ್ ಮೂಲಕ, ಪೈಥಾನ್‌ನ ಪೈಎಸ್‌ಎನ್‌ಎಂಪಿ ಲೈಬ್ರರಿಯಲ್ಲಿ 5 ನಿಮಿಷಕ್ಕೊಮ್ಮೆ ಓದಿಸೋದು. ಓದೋ ಪ್ರತಿ ಅಳತೆಗೂ ಒಂದು ಅಂಕಿ-ವಿಳಾಸ, ಅದೇ ಒಐಡಿ; ಆ ಅಂಕಿಗಳ ಹೆಸರು, ಅರ್ಥ ಹೇಳೋ ಪಠ್ಯವೇ ಮಿಬ್ ಫೈಲು. ಮಿಬ್ ಫೈಲುಗಳು ಈಗ ಮೂರು ದಿಕ್ಕಿಗೆ ಚದುರಿವೆ: ಸರ್ವರ್‌ನ ಹೋಮ್ ಫೋಲ್ಡರ್, ಲ್ಯಾಪ್‌ಟಾಪ್, ವೆಂಡರ್ ಕೊಟ್ಟ ಜಿಪ್. ಎಲ್ಲವನ್ನೂ ರೆಪೊಗೆ (ಕೋಡ್ ಇಡೋ ಭಂಡಾರ) ಹಾಕೋದಾ, ಇಲ್ಲ ಬೇಕಾದ ಇಪ್ಪತ್ತು ಒಐಡಿ ಅಂಕಿಗಳನ್ನೇ ಕೋಡ್‌ನಲ್ಲಿ ಬರೆದು ಮಿಬ್ ಗೊಡವೆಯನ್ನೇ ಬಿಡೋದಾ? ಮುಂಗಾರು ಹಿಡಿಯೋ ಮುಂಚೆ ತೀರ್ಮಾನ ಆಗಬೇಕು.

ಅರಸೀಕೆರೆ_ರೂಟರ್:
ಅಂಕಿ ಬರೆದು ಮುಗಿಸಿ. ತಂತಿ ಮೇಲೆ ಹೋಗೋದು ಅಂಕಿ ಮಾತ್ರ, ಹೆಸರು ನಮ್ಮ ಕಣ್ಣಿಗೆ. ಒಮ್ಮೆ ಪ್ರಕಟವಾದ ಒಐಡಿಯ ಅರ್ಥ ಬದಲಿಸುವಂತಿಲ್ಲ ಅಂತ ಮಿಬ್ ಬರೆಯೋ ಮಾನದಂಡವಾದ ಎಸ್‌ಎಂಐವಿ2ರ ನಿಯಮವೇ ಇದೆ. ಬೇಡವಾದರೆ ಹಳೆಯದು ಅಂತ ಗುರುತು ಹಾಕಿ, ಬೇರೆ ಅಂಕಿ ಕೊಡಬೇಕು. ಇಪ್ಪತ್ತು ಸಾಲಿನ ಡಿಕ್ಷನರಿಗೆ (ಹೆಸರು-ಅಂಕಿ ಜೋಡಿ ಪಟ್ಟಿ) ಮಿಬ್ ಫೈಲನ್ನ ಕೋಡ್ ಮಾಡೋ ಕಂಪೈಲರ್ ಯಾಕೆ? ನೊಣ ಹೊಡೆಯೋಕೆ ಕೊಡಲಿ.

ಹೇಮಾವತಿ_ದಂಡೆ:
ಅಂಕಿ ಬದಲಾಗಲ್ಲ, ಒಪ್ಪಿದೆ. ಆದರೆ ಅಂಕಿಯ ಜೊತೆ ಟೈಪು, ಯೂನಿಟ್ಟು, ಇಂಡೆಕ್ಸ್ (ಟೇಬಲ್‌ನ ಯಾವ ಸಾಲು ಅಂತ ಹೇಳೋ ಒಐಡಿ ಬಾಲ) ಬರಲ್ಲವಲ್ಲ. ಯುಪಿಎಸ್ ಮಿಬ್ (ಇಂಟರ್ನೆಟ್ ಮಾನದಂಡ ದಾಖಲೆ ಆರ್‌ಎಫ್‌ಸಿ 1628) ನೋಡಿ: 1.3.6.1.2.1.33.1.2.5 ಬ್ಯಾಟರಿ ವೋಲ್ಟೇಜ್, ಯೂನಿಟ್ 0.1 ವೋಲ್ಟ್. 12 ವೋಲ್ಟಿನ ನಾಲ್ಕು ಬ್ಯಾಟರಿ ಸೀರೀಸ್‌ನಲ್ಲಿ ಫ್ಲೋಟ್ ಆಗ್ತಾ (ತುಂಬಿದ ಮೇಲೂ ಸಣ್ಣ ಚಾರ್ಜ್‌ನಲ್ಲಿ) 54 ವೋಲ್ಟ್ ಇದ್ದರೆ ಬರಬೇಕಾದ್ದು 540. ಅದರ ಪಕ್ಕದ ಇನ್‌ಪುಟ್ ಟೇಬಲ್‌ನಲ್ಲಿ ಫ್ರೀಕ್ವೆನ್ಸಿ 0.1 ಹರ್ಟ್ಸ್, ಆದರೆ ವೋಲ್ಟೇಜ್ ಮಾತ್ರ ಪೂರ್ತಿ ವೋಲ್ಟ್. ಒಂದಕ್ಕೆ ಹತ್ತರಿಂದ ಭಾಗಿಸಿ, ಇನ್ನೊಂದಕ್ಕೆ ಬೇಡ. ಬರಿಯ ಡಿಕ್ಷನರಿಯಲ್ಲಿ ಇದನ್ನ ಆರು ತಿಂಗಳ ನಂತರ ಯಾರು ನೆನಪಿಟ್ಟುಕೊಳ್ತಾರೆ?

ಸ್ವಿಚ್ಚಿಗೂ ಇದೇ ಕಥೆ. ಇಫ್‌ಇನ್‌ಆಕ್ಟೆಟ್ಸ್, ಅಂದರೆ ಪೋರ್ಟಿಗೆ ಬಂದ ಬೈಟುಗಳ ಎಣಿಕೆ, 32 ಬಿಟ್ ಕೌಂಟರ್. 100 ಎಂಬಿಪಿಎಸ್ ತುಂಬಿ ಹರಿದರೆ ಸುಮಾರು 344 ಸೆಕೆಂಡಿಗೆ ಸುತ್ತು ಹೊಡೆದು ಮತ್ತೆ ಸೊನ್ನೆಗೆ ಬರುತ್ತೆ, 1 ಜಿಬಿಪಿಎಸ್‌ನಲ್ಲಿ 34 ಸೆಕೆಂಡಿಗೆ. 1 ಜಿಬಿಪಿಎಸ್ ಪೋರ್ಟನ್ನ 5 ನಿಮಿಷಕ್ಕೊಮ್ಮೆ ಓದಿದರೆ ಗ್ರಾಫ್ ಚೆಂದ ಕಾಣುತ್ತೆ, ಹೇಳೋದು ಸುಳ್ಳು. 64 ಬಿಟ್‌ನ ಇಫ್‌ಎಚ್‌ಸಿಇನ್‌ಆಕ್ಟೆಟ್ಸ್ ಬೇಕು, 1.3.6.1.2.1.31.1.1.1.6. ಅದೂ ಎಸ್‌ಎನ್‌ಎಂಪಿ ವಿ1ರಲ್ಲಿ ಸಿಗಲ್ಲ, ವಿ2ಸಿ ಅಥವಾ ವಿ3.

ಅರಸೀಕೆರೆ_ರೂಟರ್:
ಡಿಕ್ಷನರಿಯಲ್ಲೇ ಸ್ಕೇಲ್ ಅಂತ ಇನ್ನೊಂದು ಕಾಲಂ ಇಡ್ತೀನಿ. ಮಿಬ್ ಇದ್ದ ಮಾತ್ರಕ್ಕೆ ಲೈಬ್ರರಿ 540ನ್ನ 54 ಮಾಡಿ ಕೊಡುತ್ತಾ?

ಹೇಮಾವತಿ_ದಂಡೆ:
ಇಲ್ಲ, ಆ ಮಾತು ಸರಿ. ಯೂನಿಟ್ಸ್ ಅನ್ನೋದು ಬರೀ ಪಠ್ಯ. ಡಿಸ್‌ಪ್ಲೇ-ಹಿಂಟ್‌ನಲ್ಲಿ (ಅಂಕಿಯನ್ನ ಹೇಗೆ ತೋರಿಸಬೇಕು ಅನ್ನೋ ಸೂಚನೆ) ಡಿ-1 ಅಂತಿದ್ದರೆ ಮಾತ್ರ ದಶಮಾಂಶ ಚುಕ್ಕಿ ಬೀಳುತ್ತೆ, ಈ ಮಿಬ್‌ನಲ್ಲಿ ಅದಿಲ್ಲ. ಸ್ಕೇಲ್ ಕಾಲಂ ನನಗೂ ಬೇಕು. ಇಂಡೆಕ್ಸ್‌ಗೆ ಏನು ಮಾಡ್ತೀರಿ? ಲಿನಕ್ಸ್ ಬಾಕ್ಸಲ್ಲಿ ನೆಟ್-ಎಸ್‌ಎನ್‌ಎಂಪಿ ಅನ್ನೋ ತಂತ್ರಾಂಶದ ಎಕ್ಸ್‌ಟೆಂಡ್‌ಗೆ (ನಮ್ಮ ಸ್ಕ್ರಿಪ್ಟಿನ ಉತ್ತರ ಕೊಡೋ ಸೌಲಭ್ಯ) ಎ-ಎಲ್-ಡಿ-ಯು-ಆರ್ ಅಂತ ಹೆಸರಿಟ್ಟರೆ ಒಐಡಿಯ ಬಾಲ 5.97.108.100.117.114. ಮೊದಲಿಗಿರೋ 5 ಅನ್ನೋದು ಅಕ್ಷರಗಳ ಎಣಿಕೆ, ಉಳಿದವು ಒಂದೊಂದು ಅಕ್ಷರದ ಆಸ್ಕಿ ಅಂಕಿ. ಇಂಪ್ಲೈಡ್ ಅಂತ ಘೋಷಿಸಿದ ಟೇಬಲ್ ಆಗಿದ್ದರೆ ಆ 5 ಇರಲ್ಲ. ಎರಡರಲ್ಲಿ ಯಾವುದು ಅಂತ ಮಿಬ್ ಬಿಟ್ಟರೆ ಬೇರೆ ಯಾರೂ ಹೇಳಲ್ಲ.

ಸಕಲೇಶಪುರ_ಘಾಟಿ:
ಇಬ್ಬರೂ ಒಂದು ವಿಷಯ ಬಿಟ್ಟಿರಿ: ಮಿಬ್ ಯಾವಾಗ ಓದಬೇಕು? ಪೈಎಸ್‌ಎನ್‌ಎಂಪಿಗೆ ಎಎಸ್‌ಎನ್.1 (ಮಿಬ್ ಬರೆಯೋ ಭಾಷೆ) ಮೂಲವಾಗಿ ವೆಬ್ ವಿಳಾಸ ಕೊಟ್ಟಿದ್ದರೆ, ಸಿಗದ ಮಾಡ್ಯೂಲನ್ನ ಓಡ್ತಾ ಇರುವಾಗಲೇ ಇಳಿಸಿ ಕಂಪೈಲ್ ಮಾಡೋಕೆ ಹೋಗುತ್ತೆ. ಫೈಬರ್ ಮೇಲೆ ಮರ ಬಿದ್ದ ದಿನ ಲಿಂಕ್ ಯಾಕೆ ಹೋಯ್ತು ಅಂತ ಕೇಳೋ ಸ್ಕ್ರಿಪ್ಟಿಗೇ ಲಿಂಕ್ ಬೇಕಾಗುತ್ತೆ. ಬಾವಿಗೆ ಬಿದ್ದ ಹಗ್ಗ ಎತ್ತೋಕೆ ಅದೇ ಹಗ್ಗ ಬೇಕು ಅಂದಂಗೆ.

ರೆಪೊದಲ್ಲಿ ಎರಡು ಫೋಲ್ಡರ್ ಮಾಡಿ. ಒಂದರಲ್ಲಿ ಮೂಲ ಮಿಬ್‌ಗಳು, ಒಂದಕ್ಷರವೂ ತಿದ್ದದೆ. ಇನ್ನೊಂದರಲ್ಲಿ ಮಿಬ್ ಕಂಪೈಲ್ ಮಾಡೋ ಲೈಬ್ರರಿ ಪೈಎಸ್‌ಎಂಐನ ಮಿಬ್‌ಡಂಪ್ ಕಮಾಂಡ್ ಹುಟ್ಟಿಸಿದ ಪೈಥಾನ್ ಫೈಲುಗಳು. ಕಂಪೈಲ್ ಆಗೋದು ಬಿಲ್ಡ್‌ನಲ್ಲಿ (ಕೋಡ್ ಸಿದ್ಧಪಡಿಸೋ ಹಂತ); ಟವರ್ ಓದೋ ಸರ್ವರ್‌ನಲ್ಲಿ ಕಂಪೈಲರ್ರೇ ಬೇಡ, ಪೈಎಸ್‌ಎನ್‌ಎಂಪಿಯಲ್ಲಿ ಮಿಬ್ ಲೋಡ್ ಮಾಡೋ ಮಿಬ್‌ಬಿಲ್ಡರ್‌ಗೆ ಎರಡನೇ ಫೋಲ್ಡರ್ ತೋರಿಸಿದರೆ ಸಾಕು. ಎರಡೂ ಲೈಬ್ರರಿಗಳ ಆವೃತ್ತಿ ತಾನಾಗೇ ಬದಲಾಗದಂತೆ ಪಿನ್ ಮಾಡಿ, ಅಪ್‌ಗ್ರೇಡ್ ಮಾಡಿದ ದಿನ ಎಲ್ಲವನ್ನೂ ಮತ್ತೆ ಹುಟ್ಟಿಸಿ. ಹುಟ್ಟಿದ ಫೈಲನ್ನ ಕೈಯಲ್ಲಿ ತಿದ್ದಿದರೆ ಮುಂದಿನ ಬಿಲ್ಡಿಗೆ ತಿದ್ದಿದ್ದು ಹೋಯ್ತು.

ಫೈಲಿನ ಹೆಸರನ್ನ ಒಳಗಿನ ಮಾಡ್ಯೂಲ್ ಹೆಸರಿಗೆ ಸರಿಹೊಂದಿಸಿ. ನೆಟ್-ಎಸ್‌ಎನ್‌ಎಂಪಿ ಫೈಲಿನ ತಲೆ ಓದಿ ಗುರುತು ಹಿಡಿಯುತ್ತೆ, ಪೈಎಸ್‌ಎಂಐ ಹುಡುಕೋದು ಫೈಲ್ ಹೆಸರಿಂದ. ‘ಮಾಡ್ಯೂಲ್ ಇಲ್ಲ’ ಅನ್ನೋ ದೂರಿನಲ್ಲಿ ಇದೇ ಮೊದಲು ನೋಡಬೇಕಾದ್ದು.

ಮೂಡಿಗೆರೆ_ಕಾಫಿಕಣ:
ಜಿಪ್‌ನಲ್ಲಿ ಬಂದ ಮಿಬ್ ಮಿಬ್‌ಡಂಪ್‌ಗೆ ಹಾಕಿದರೆ ಬರೀ ಗೆರೆ ಎಳೆದಿರೋ ಸಾಲಿನಲ್ಲಿ ಸಿಂಟ್ಯಾಕ್ಸ್ ತಪ್ಪು ಅನ್ನುತ್ತೆ. ಅದು ಕಾಮೆಂಟ್ ಅಲ್ವಾ?

ಹೇಮಾವತಿ_ದಂಡೆ:
ಗೆರೆ ಎಣಿಸಿ. ಎಎಸ್‌ಎನ್.1ರಲ್ಲಿ ಎರಡು ಅಡ್ಡಗೆರೆ ಕಾಮೆಂಟನ್ನ ತೆರೆಯುತ್ತೆ, ಮುಂದಿನ ಎರಡು ಅದೇ ಸಾಲಲ್ಲಿ ಮುಚ್ಚುತ್ತೆ. ನಾಲ್ಕರಿಂದ ಭಾಗಿಸಿದಾಗ ಒಂದು ಉಳಿದರೆ, 61, 65, 69 ಹೀಗೆ, ಆ ಒಂಟಿ ಗೆರೆ ಕಾಮೆಂಟಿನಾಚೆ ಬೀಳುತ್ತೆ. ವೆಂಡರ್ ಮಿಬ್‌ಗಳ ಇನ್ನೊಂದು ಕಾಯಿಲೆ ಹೆಸರಲ್ಲಿ ಅಂಡರ್‌ಸ್ಕೋರ್. ನೆಟ್-ಎಸ್‌ಎನ್‌ಎಂಪಿಯ ಕಮಾಂಡ್‌ಗಳಲ್ಲಿ ಇವೆರಡಕ್ಕೂ ‘-ಪಿಸಿ’, ‘-ಪಿಯು’ ಅಂತ ಸಡಿಲಿಕೆ ಇದೆ. ಹಾಗಾಗಿ ಅದರ ಸ್ನಂಪ್‌ವಾಕ್ ಕಮಾಂಡ್‌ನಲ್ಲಿ ಓಡಿತು ಅಂದರೆ ಮಿಬ್ ಸರಿಯಿದೆ ಅಂತ ಅರ್ಥವಲ್ಲ. ಮಿಬ್‌ನ ತಪ್ಪು ಹುಡುಕೋ ಲಿಬ್‌ಎಸ್‌ಎಂಐನ ಎಸ್‌ಎಂಐಲಿಂಟ್‌ಗೆ ಹಾಕಿ, ಸಾಲು ಸಾಲಾಗಿ ಹೇಳುತ್ತೆ. ತಿದ್ದೋದನ್ನ ಪ್ಯಾಚ್ ಫೈಲಾಗಿ (ಬದಲಾವಣೆ ಮಾತ್ರ ಇರೋ ಫೈಲು) ಇಡಿ, ಮೂಲ ಹಾಗೇ ಇರಲಿ.

ಬೇಲೂರು_ಬಿಟ್ಸ್:
2024 ಆದ್ಮೇಲೂ ಮಿಬ್ ಬಗ್ಗೆ ಜಗಳ! ಸಾಧನ ವಿವರಿಸೋ ಹೊಸ ಭಾಷೆ ಯಾಂಗ್‌ನ ಮಾಡೆಲ್‌ಗೆ ಹೋಗಿ, ಸಾಧನ ತಾನೇ ಅಳತೆ ಕಳಿಸೋ ಟೆಲಿಮೆಟ್ರಿ ತಗೊಳ್ಳಿ.

ಸಕಲೇಶಪುರ_ಘಾಟಿ:
ಸ್ವಿಚ್‌ಗೆ ಸರಿ. ಟವರ್ ಯುಪಿಎಸ್‌ನ ಮ್ಯಾನೇಜ್‌ಮೆಂಟ್ ಕಾರ್ಡಿಗೆ ಯಾಂಗ್ ಕಲಿಸೋದು ಯಾರು? ಯಾಂಗ್‌ಗೆ ಹೋದರೂ ಫೈಲು ಇಡೋದು, ಆವೃತ್ತಿ ಕಟ್ಟೋದು ತಪ್ಪಲ್ಲ.

ಅರಸೀಕೆರೆ_ರೂಟರ್:
ಇಂಡೆಕ್ಸ್ ವಿಷಯದಲ್ಲಿ ಸೋತೆ. ಆದರೂ ಕೋಡ್ ಓಡುವಾಗ ಹೆಸರಿಂದ ಅಂಕಿ ಹುಡುಕೋದು ಬೇಡ. ಬಿಲ್ಡ್‌ನಲ್ಲೇ ಮಿಬ್‌ನಿಂದ ಟೇಬಲ್ ಹುಟ್ಟಿಸಿ: ಹೆಸರು, ಒಐಡಿ, ಟೈಪು, ಇಂಡೆಕ್ಸ್ ಬಗೆ. ಪೈಎಸ್‌ಎಂಐ ಜೇಸನ್ (ಪಠ್ಯ ರೂಪದ ಡೇಟಾ) ಕೂಡ ಕೊಡುತ್ತೆ. ಸ್ಕೇಲ್ ಕಾಲಂ ಮಾತ್ರ ಕೈಯಲ್ಲಿ.

ಮೂಡಿಗೆರೆ_ಕಾಫಿಕಣ:
ಇದು ನನಗೂ ಒಗ್ಗುತ್ತೆ. ಒಂದೇ ಅನುಮಾನ. ಎರಡು ಟವರಿನ ಯುಪಿಎಸ್ 540 ಬದಲು ನೇರ 54 ಕೊಡ್ತಿದೆ. ಮಿಬ್‌ನಲ್ಲೇ ತಿದ್ದಲಾ?

ಹೇಮಾವತಿ_ದಂಡೆ:
ಮುಟ್ಟಬೇಡಿ. ತಪ್ಪು ಕಾರ್ಡಿನ ಫರ್ಮ್‌ವೇರ್‌ದು, ಮಿಬ್‌ದಲ್ಲ. ಅಲ್ಲಿ ತಿದ್ದಿದರೆ ಸರಿಯಿರೋ ಏಳು ಟವರ್ ಕೆಡುತ್ತೆ. 1.3.6.1.2.1.1.2.0ಯಿಂದ ಸಾಧನದ ಗುರುತು, 1.3.6.1.2.1.33.1.1.4.0ಯಿಂದ ಏಜೆಂಟ್ (ಕಾರ್ಡಿನೊಳಗಿನ ಎಸ್‌ಎನ್‌ಎಂಪಿ ತಂತ್ರಾಂಶ) ಆವೃತ್ತಿ ತಗೊಂಡು, ಆ ಜೋಡಿಗೆ ಸ್ಕೇಲ್ 1 ಅಂತ ಬೇರೆ ಫೈಲಿನಲ್ಲಿ ವಿನಾಯಿತಿ ಬರೆಯಿರಿ. ಜೊತೆಗೆ ಒಂದು ಬೇಲಿ: ಲೆಕ್ಕ ಹಾಕಿದ ವೋಲ್ಟೇಜ್ 40ಕ್ಕಿಂತ ಕಡಿಮೆ ಅಥವಾ 60ಕ್ಕಿಂತ ಜಾಸ್ತಿ ಬಂದರೆ ಬ್ಯಾಟರಿ ಅಲಾರಂ ಬದಲು ‘ಸ್ಕೇಲ್ ನೋಡಿ’ ಅಂತ ಬರಲಿ. ಫರ್ಮ್‌ವೇರ್ ಅಪ್‌ಡೇಟ್ ಆದ ದಿನ ಆ ಕಾರ್ಡು ಸರಿಹೋಗಿ 540 ಕೊಡೋಕೆ ಶುರು ಮಾಡಿದರೂ ಆವೃತ್ತಿ ಬದಲಾದ್ದರಿಂದ ವಿನಾಯಿತಿ ತಾನೇ ಬಿದ್ದುಹೋಗುತ್ತೆ.