ಮಾವನಿಗೆ ಟಿ.ಬಿ. ಬಂದಿದೆ, ಮನೆಯಲ್ಲಿ ಮೂರು ವರ್ಷದ ಮಗು ಇದೆ. ತಟ್ಟೆ ಲೋಟ ಬೇರೆ ಮಾಡಿದರೆ ಸಾಕಾ?

ದಾವಣಗೆರೆ_ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮಾವನಿಗೆ 62 ವರ್ಷ, ಶುಗರ್ ಇದೆ, ಬೀಡಿ ಬಿಟ್ಟು ಎರಡು ವರ್ಷ ಆಯ್ತು. ದೀಪಾವಳಿಯಿಂದ ಕೆಮ್ಮು. ಹತ್ತಿರದ ಕ್ಲಿನಿಕ್ಕಿನಲ್ಲಿ ಮೂರು ಸಲ ಸಿರಪ್ ಬದಲಾಯಿಸಿದರೇ ಹೊರತು ಕಫ ಟೆಸ್ಟ್ ಮಾಡಿಸಿ ಅಂತ ಹೇಳಲೇ ಇಲ್ಲ. ಸಂಜೆ ಜ್ವರ, ರಾತ್ರಿ ಬನಿಯನ್ ಒದ್ದೆಯಾಗುವಷ್ಟು ಬೆವರು, ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋದರು. ಆಮೇಲೆ ನಾವೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಶ್ವಾಸಕೋಶದ ಟಿ.ಬಿ. ಅಂದರು. ಮಾತ್ರೆ ಶುರುವಾಗಿ ಐದು ದಿನ.

ಮಾವನ ತಟ್ಟೆ, ಲೋಟ, ಸೋಪು, ಹೊದಿಕೆ ಎಲ್ಲ ಅತ್ತೆ ಬೇರೆ ಮಾಡಿದ್ದಾರೆ, ತಟ್ಟೆಯನ್ನು ಕುದಿಯೋ ನೀರಲ್ಲಿ ತೊಳೆಯುತ್ತಾರೆ. ಆದರೆ ಚಳಿ ಅಂತ ಹಾಲ್‌ನ ಕಿಟಕಿ ಮುಚ್ಚಿರುತ್ತಾರೆ. ಮಾವ ಮಲಗೋದು ಅಲ್ಲೇ, ನನ್ನ ಮಗಳು ಟಿ.ವಿ. ನೋಡೋದೂ ಅಲ್ಲೇ. ಅವಳಿಗೆ ಹುಟ್ಟಿದಾಗಲೇ ಟಿ.ಬಿ.ಯ ಬಿಸಿಜಿ ಲಸಿಕೆ ಹಾಕಿಸಿದ್ದೇವೆ, ಸಾಕಲ್ವಾ? ಅಥವಾ ಅವಳನ್ನು ಕರೆದುಕೊಂಡು ತವರಿಗೆ ಹೋಗಲಾ? ಹೋದರೆ ಮಾವ ತುಂಬಾ ನೊಂದುಕೊಳ್ಳುತ್ತಾರೆ.

ಆರುತಿಂಗಳ_ಮಾತ್ರೆ:
ಅಕ್ಕಾ, ನನಗೆ 2019ರಲ್ಲಿ ಬಂದಿತ್ತು, ಈಗ ಚೆನ್ನಾಗಿದ್ದೇನೆ. ನನ್ನ ತಟ್ಟೆಯನ್ನೂ ಬೇರೆ ಮಾಡಿ ಬಚ್ಚಲ ಹತ್ತಿರ ಇಟ್ಟಿದ್ದರು. ಕಾಯಿಲೆ ಮರೆತುಹೋಗಿದೆ, ಆ ತಟ್ಟೆ ಇಟ್ಟ ಜಾಗ ಮರೆತಿಲ್ಲ. ತಟ್ಟೆಯಿಂದ, ಬಟ್ಟೆಯಿಂದ, ಮುಟ್ಟೋದರಿಂದ ಟಿ.ಬಿ. ಬರಲ್ಲ. ಕೆಮ್ಮಿದಾಗ ಗಾಳಿಗೆ ಸೇರೋ ಕ್ರಿಮಿ ಉಸಿರಲ್ಲಿ ಒಳಗೆ ಹೋದರೆ ಮಾತ್ರ. ನಿಮ್ಮ ಅತ್ತೆ ಬಿಡಬೇಕಾದ್ದನ್ನು ಹಿಡಿದಿದ್ದಾರೆ, ತೆಗೀಬೇಕಾದ್ದನ್ನು ಮುಚ್ಚಿದ್ದಾರೆ.

ಇನ್ನೊಂದು, ಮೂತ್ರ ಕೇಸರಿ ಬಣ್ಣಕ್ಕೆ ಬರುತ್ತೆ, ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ ಅಷ್ಟೇ. ನಾನು ರಕ್ತ ಅಂದ್ಕೊಂಡು ಅತ್ತುಬಿಟ್ಟಿದ್ದೆ. ಮಾವನಿಗೆ ಮೊದಲೇ ಹೇಳಿಡಿ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಮಂಜಾದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಎರಡು ತಿಂಗಳಿಗೆ ಹಸಿವು ಬಂದು, ತೂಕ ಏರಿ, 'ನಂಗೇನೂ ಆಗಿಲ್ಲ' ಅನ್ನಿಸೋಕೆ ಶುರುವಾಗುತ್ತೆ, ಎಡವೋದು ಅಲ್ಲೇ. ನಾನೂ ಒಂದು ವಾರ ಮಾತ್ರೆ ಬಿಟ್ಟಿದ್ದೆ. ನಮ್ಮ ಕಡೆಯ ಆರೋಗ್ಯ ಕಾರ್ಯಕರ್ತೆ, ಆಶಾ ಅಕ್ಕ, ಮನೆಗೇ ಬಂದು ಬೈದರು.

ಲ್ಯಾಬ್_ಕಾಕಾ:
ನೋಡಮ್ಮಾ, ಕಫ ನೋಡಿಕೊಂಡೇ ತಲೆ ನರೆತವನು ನಾನು. ಮಗು ವಿಷಯಕ್ಕೆ ಬರ್ತೀನಿ, ಅದಕ್ಕೆ ಮೊದಲು ಒಂದು ಹಳೇ ಕಥೆ. 1950ರ ದಶಕದಲ್ಲಿ ಮದ್ರಾಸಿನಲ್ಲಿ ಟಿ.ಬಿ. ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಸ್ಯಾನಿಟೋರಿಯಂಗೆ, ಅಂದರೆ ಟಿ.ಬಿ. ಆಸ್ಪತ್ರೆಗೆ ಸೇರಿಸಿದರು, ಇನ್ನೊಂದಕ್ಕೆ ಮನೆಯಲ್ಲೇ ಔಷಧಿ ಕೊಟ್ಟರು. ಆಮೇಲೆ ಎರಡೂ ಕಡೆ ಮನೆಮಂದಿಯನ್ನು ವರ್ಷಗಟ್ಟಲೆ ಗಮನಿಸಿದರು. ರೋಗಿ ಮನೆಯಲ್ಲೇ ಇದ್ದ ಅಂತ ಆ ಮನೆಯವರಿಗೆ ಜಾಸ್ತಿ ಟಿ.ಬಿ. ಬರಲಿಲ್ಲ. ಯಾಕೆ ಗೊತ್ತಾ? ಅಂಟೋದು ಬಹುಪಾಲು ಮಾತ್ರೆ ಶುರುವಾಗೋಕೆ ಮೊದಲು. ನಿಮ್ಮ ಮನೆಯಲ್ಲಿ ಅಪಾಯ ಇದ್ದದ್ದು ಆ ಸಿರಪ್ಪಿನ ತಿಂಗಳುಗಳಲ್ಲಿ. ಹಾಗಾಗಿ ಈಗ ತವರಿಗೆ ಓಡೋದಕ್ಕಿಂತ ಮಗುವನ್ನು ಪರೀಕ್ಷೆ ಮಾಡಿಸೋದು ಮುಖ್ಯ.

ಬಿಸಿಜಿ ಒಳ್ಳೇದೇ. ಆದರೆ ಅದು ಮಕ್ಕಳಲ್ಲಿ ಮಿದುಳಿಗೆ ಹತ್ತೋ ಟಿ.ಬಿ.ಯಂಥ ದೊಡ್ಡ ಕಾಯಿಲೆ ತಡೆಯೋಕೆ, ಪೂರ್ತಿ ಗುರಾಣಿ ಅಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಕ್ರಿಮಿ ಒಳಗೆ ಹೋದರೆ ಕಾಯಿಲೆ ಬೇಗ ಎದ್ದು ಬಿಡುತ್ತೆ. ಮಗುವಿಗೆ ಟಿ.ಬಿ. ಇಲ್ಲ ಅಂತ ಖಾತ್ರಿಯಾದ ಮೇಲೆ ಬರದ ಹಾಗೆ ತಡೆಯೋ ಮಾತ್ರೆ ಕೊಡುತ್ತಾರೆ, ಸರ್ಕಾರದಲ್ಲಿ ಪುಕ್ಕಟೆ. ಅದನ್ನು ನೀವೇ ಕೇಳಿ. ನೀವು, ಗಂಡ, ಅತ್ತೆ ಕೂಡ ತೋರಿಸಿಕೊಳ್ಳಿ. ಅತ್ತೆಗೂ ಶುಗರ್ ಇದ್ದರೆ ತಡಮಾಡಬೇಡಿ, ಶುಗರ್ ಇದ್ದವರಿಗೆ ಟಿ.ಬಿ. ಬರೋ ಸಾಧ್ಯತೆ ಎರಡು ಮೂರು ಪಟ್ಟು ಜಾಸ್ತಿ. ಕಫ ಕೇಳಿದರೆ ಬೆಳಿಗ್ಗೆ ಎದ್ದ ಕೂಡಲೇ ಎದೆಯಿಂದ ಕೆಮ್ಮಿ ತೆಗೆದದ್ದು ಕೊಡಿ. ಅರ್ಧ ಜನ ಉಗುಳು ತಂದುಕೊಡುತ್ತಾರೆ, ಅದರಲ್ಲಿ ನಾನೇನು ಹುಡುಕಲಿ!

ಮನೆಯಲ್ಲಿ ಮಾಡಬೇಕಾದ್ದು ಕಿಟಕಿ ತೆಗೆಯೋದು. ಎರಡು ವಾರವಾದರೂ ಮಾವ ಬೇರೆ ಕೋಣೆಯಲ್ಲಿ ಮಲಗಲಿ, ಮಾಸ್ಕ್ ಹಾಕಲಿ, ಕಫವನ್ನು ಮುಚ್ಚಳದ ಡಬ್ಬಿಗೆ ಉಗುಳಲಿ. ಮಾತ್ರೆ ಸರಿಯಾಗಿ ಹತ್ತಿದರೆ ಅಷ್ಟರಲ್ಲಿ ಅಂಟಿಸೋ ಶಕ್ತಿ ತುಂಬಾ ಇಳಿಯುತ್ತೆ. ಮೊಮ್ಮಗಳು ಜಗಲಿಯಲ್ಲಿ ತಾತನ ಜೊತೆ ಮಾತಾಡಲಿ, ಹೊರಗಿನ ಗಾಳಿಯಲ್ಲಿ ಭಯ ಕಡಿಮೆ.

ಹಟ್ಟಿ_ಹುಡುಗ:
ನಮ್ಮಜ್ಜಿ ಹೇಳ್ತಿದ್ದರು, ಬಿಸಿಲಿಗೆ ಕೂರಿಸಿ ಮೊಟ್ಟೆ ಹಾಲು ಕೊಟ್ಟರೆ ಕ್ಷಯ ಹೋಗುತ್ತೆ ಅಂತ. ಸುಮ್ನೆ ಇಷ್ಟು ಮಾತ್ರೆ ಯಾಕೆ?

ಲ್ಯಾಬ್_ಕಾಕಾ:
ತಮ್ಮಾ, ಬಿಸಿಲು ಹೊರಗಿನ ಕ್ರಿಮಿ ಕೊಲ್ಲುತ್ತೆ, ಎದೆಯೊಳಗಿನದನ್ನಲ್ಲ. ಮೊಟ್ಟೆ ಬೇಕೇ ಬೇಕು, ಅದಕ್ಕೇ ಸರ್ಕಾರ ನಿಕ್ಷಯ್ ಪೋಷಣ್ ಅಂತ ತಿಂಗಳಿಗೆ 1000 ರೂಪಾಯಿ ಹಾಕುತ್ತೆ, 2024ರ ನವೆಂಬರ್‌ಗೆ ಮುಂಚೆ 500 ಇತ್ತು. ಆದರೆ ಮಾತ್ರೆ ಅರ್ಧಕ್ಕೆ ಬಿಟ್ಟರೆ ಔಷಧಿಗೇ ಜಗ್ಗದ ಟಿ.ಬಿ. ಹುಟ್ಟುತ್ತೆ. ಅದರ ಸಂಕಟ ಬೇರೆಯೇ.

ದಾವಣಗೆರೆ_ಸೊಸೆ:
ಕಾಕಾ, ತುಂಬಾ ಉಪಕಾರ ಆಯ್ತು. ಮಾವನ ಬ್ಯಾಂಕ್ ಪಾಸ್‌ಬುಕ್ ಹುಡುಕಿ ಇಟ್ಟಿದ್ದೇನೆ, ನಾಳೆ ಮಗಳನ್ನೂ ಕರೆದುಕೊಂಡು ಹೋಗುತ್ತೇವೆ. ಹಾಲ್‌ನ ಕಿಟಕಿ ಈಗಷ್ಟೇ ತೆಗೆದೆ. ತಟ್ಟೆ ವಿಷಯ ನಾನು ಹೇಳಿದರೆ ಅತ್ತೆ ಕೇಳಲ್ಲ, ಅದನ್ನು ಆಶಾ ಅಕ್ಕನ ಬಾಯಲ್ಲೇ ಹೇಳಿಸಬೇಕು.