ಹಳೇ ಕಾರಿಗೆ ಮ್ಯಾಟ್ ಹೊಡೆಯೋ ಮುಂಚೆ: ಭಾವ ಕೇಳಿದ್ದಕ್ಕೆ ಉತ್ತರ

ಭಾವ, ನಮಸ್ಕಾರ. ಕಾರಿನ ಬಾನೆಟ್ಟು, ಟಾಪು ಬಿಸಿಲಿಗೆ ಮಂಕಾಗಿದೆ, ನಾಲ್ಕು ಮ್ಯಾಟ್ ಬ್ಲ್ಯಾಕ್ ಸ್ಪ್ರೇ ಕ್ಯಾನ್ ತಂದು ಮೇಲೇ ಹೊಡೆದುಬಿಡ್ಲಾ ಅಂತ ಕೇಳಿದ್ರಲ್ಲ, ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೇ ವಾಯ್ಸಲ್ಲಿ ಹೇಳ್ತಿದೀನಿ. ಉದ್ದ ಇದೆ, ಆದ್ರೆ ಕ್ಯಾನ್ ತರೋ ಮುಂಚೆ ಪೂರ್ತಿ ಕೇಳಿ.

ಮೊದಲು ಒಂದು ವಿಷಯ ತಲೇಲಿಟ್ಕೊಳ್ಳಿ. ಗ್ಲಾಸಿ ಪೇಂಟಲ್ಲಿ ಧೂಳು ಕೂತ್ರೂ, ಪೇಂಟ್ ಇಳಿದ್ರೂ, 2000 ನಂಬರ್ ವಾಟರ್ ಪೇಪರಲ್ಲಿ, ಅಂದ್ರೆ ನೀರು ಹಾಕಿ ಉಜ್ಜೋ ನಯವಾದ ಉಪ್ಪು ಕಾಗದದಲ್ಲಿ, ಉಜ್ಜಿ ಪಾಲಿಶ್ ಹೊಡೆದು ಸರಿಮಾಡ್ಬಹುದು. ಮ್ಯಾಟಲ್ಲಿ ಆಗಲ್ಲ. ಅದರ ಮೇಲ್ಮೈ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಒರಟಾಗಿರೋದ್ರಿಂದಲೇ ಬೆಳಕು ಚದುರಿ ಹೊಳಪು ಕಾಣಲ್ಲ. ಉಜ್ಜಿದ್ರೆ ಆ ಒರಟು ಸವೆದು ಅಷ್ಟು ಜಾಗ ಮಾತ್ರ ಮಿಂಚುತ್ತೆ. ಹಾಗಾಗಿ ಏನು ಸರಿಮಾಡೋದಿದ್ರೂ ಹೊಡೆಯೋ ಮುಂಚೆಯೇ ಮಾಡ್ಕೊಂಡ್ಬಿಡ್ಬೇಕು.

ಈಗ ನಿಮ್ಮ ಬಾನೆಟ್ ನೋಡಿ. ಬರೀ ಮಂಕಾಗಿದ್ಯಾ, ಇಲ್ಲ ಕ್ಲಿಯರ್ ಕೋಟ್, ಅಂದ್ರೆ ಬಣ್ಣದ ಮೇಲಿರೋ ಪಾರದರ್ಶಕ ಪದರ, ಬೆಳ್ಳಗೆ ತೇಪೆತೇಪೆಯಾಗಿ ಎದ್ದಿದ್ಯಾ? ಚೆನ್ನಾಗಿ ತೊಳೆದು ಒಣಗಿಸಿ, ಅಂಚಲ್ಲಿ ಮಾಸ್ಕಿಂಗ್ ಟೇಪ್ ಒತ್ತಿ ಅಂಟಿಸಿ, ಜರ್ರಂತ ಎಳೀರಿ. ಟೇಪಿಗೆ ಪೇಂಟ್ ಚೂರು ಬಂದ್ರೆ ಅದರ ಮೇಲೆ ಏನು ಹೊಡೆದ್ರೂ ವ್ಯರ್ಥ, ಹೊಸದೂ ಹಳೇದೂ ಒಟ್ಟಿಗೇ ಏಳುತ್ತೆ. ಆಮೇಲೆ ಬಾಗಿಲ ಒಳಗಡೆ ಕಾಣದ ಜಾಗದಲ್ಲಿ ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಉಜ್ಜಿ. ಬಣ್ಣ ಬಟ್ಟೆಗೆ ಬಿಟ್ಕೊಂಡ್ರೆ ಅದು ಹಾರ್ಡನರ್ (ಪೇಂಟ್ ಗಟ್ಟಿಯಾಗೋಕೆ ಬೆರೆಸೋ ದ್ರವ) ಇಲ್ಲದ ಪೇಂಟು. ಅದರ ಮೇಲೆ ಜೋರು ಥಿನ್ನರ್ ಇರೋದನ್ನ ಹೊಡೆದ್ರೆ ಸುಕ್ಕುಗಟ್ಟುತ್ತೆ. ಕಂಪನಿ ಪೇಂಟ್ ಮೇಲೆ ಮತ್ತೆ ಪೇಂಟ್ ಮಾಡಿಸಿರೋ ಪ್ಯಾನಲ್ ಇದ್ರೆ ಅದನ್ನೂ ಇದೇ ಥರ ಬೇರೆಯಾಗಿ ನೋಡಿ.

ಪೇಂಟ್ ಗಟ್ಟಿ ಇದ್ದು ಬರೀ ಮಂಕಾಗಿದ್ರೆ ಮನೇಲಿ ಮಾಡೋರಿಗೆ ನಾನು ಹೇಳೋದು ಸುಲಿದು ತೆಗೆಯೋಕೆ ಬರೋ ರಬ್ಬರ್ ಕೋಟಿಂಗು, ಪ್ಲಾಸ್ಟಿ ಡಿಪ್ ಥರದ್ದು. ಇದಕ್ಕೆ ಪೇಪರ್ ಹಾಕಿ ಉಜ್ಜೋದು ಬೇಡ, ಉಜ್ಜಲೂಬಾರದು, ಆಮೇಲೆ ಸುಲಿಯೋಕೆ ಕಷ್ಟ. ವ್ಯಾಕ್ಸು, ಸಿಲಿಕೋನ್ ಪಾಲಿಶ್ ಮಾತ್ರ ಪೂರ್ತಿ ಹೋಗ್ಬೇಕು: ಶಾಂಪೂಲಿ ತೊಳೆದು, ಒಣಗಿಸಿ, ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಎರಡು ಸಲ ಒರೆಸಿ. ವೈಪರ್ ಬುಡ, ಬ್ಯಾಡ್ಜ್ ಸುತ್ತ, ಬೀಡಿಂಗ್ ಅಂಚು, ಇಲ್ಲೇ ವ್ಯಾಕ್ಸ್ ಅಡಗಿರೋದು, ಕೋಟಿಂಗ್ ಏಳೋಕೆ ಶುರುವಾಗೋದೂ ಇಲ್ಲಿಂದಲೇ.

ಹೊಡೆಯೋದು ನೆರಳಲ್ಲಿ, ಲೋಹ ತಣ್ಣಗಿರುವಾಗ, ಗಾಳಿ ಆಡೋ ಜಾಗದಲ್ಲಿ. ಬಿಸಿ ಬಾನೆಟ್ ಮೇಲೆ ಹನಿ ಕೂರೋ ಮುಂಚೆಯೇ ಒಣಗಿ ಮರಳು ಮರಳಾಗುತ್ತೆ. 15ರಿಂದ 20 ಸೆಂಟಿಮೀಟರ್ ದೂರ, ಕೈ ಪ್ಯಾನಲ್ ಆಚೆ ಶುರುವಾಗಿ ಆಚೆಗೇ ಮುಗೀಬೇಕು, ಪ್ರತಿ ಪಟ್ಟಿ ಹಿಂದಿನದನ್ನ ಅರ್ಧ ಮುಚ್ಚಬೇಕು. ಮೊದಲ ಕೋಟ್ ತೆಳ್ಳಗೆ, ಕೆಳಗಿನ ಬಣ್ಣ ಅರ್ಧ ಕಾಣ್ತಾ ಇರ್ಲಿ. ಅದನ್ನ ನೋಡಿ ಗಾಬರಿಯಾಗಿ ಇನ್ನೊಂದು ಸುತ್ತು ಹೊಡೀಬೇಡಿ. ಮುಟ್ಟಿದ್ರೆ ಅಂಟದಷ್ಟು ಒಣಗೋಕೆ, ಅಂದ್ರೆ 15-20 ನಿಮಿಷ ಬಿಟ್ಟು ಮುಂದಿನ ಕೋಟು. ಎರಡನೇದ್ರಿಂದ ಒದ್ದೆಯಾಗಿ ಸಮವಾಗಿ ಕೂರೋ ಹಾಗೆ ಹೊಡೀರಿ. ಕಪ್ಪು ಮೂರೇ ಕೋಟಿಗೆ ತುಂಬಿದ ಹಾಗೆ ಕಾಣುತ್ತೆ, ಅಲ್ಲಿ ನಿಲ್ಲಿಸಬೇಡಿ. ಆರಾದ್ರೂ ಬೇಕು. ತೆಳ್ಳಗಿದ್ರೆ ಸುಲಿಯುವಾಗ ಹಾಳೆಯಾಗಿ ಬರಲ್ಲ, ಚೂರುಚೂರಾಗಿ ಕೆರೆದು ತೆಗೀಬೇಕು. ತೆಳ್ಳಗಾಗೋದು ಯಾವಾಗ್ಲೂ ಅಂಚಲ್ಲೇ, ಅಲ್ಲಿಗೆ ಒಂದು ಕೈ ಜಾಸ್ತಿ ಕೊಡಿ.

ಕೂದಲೋ ನುಸಿಯೋ ಕೂತ್ರೆ ಹಸೀಲಿ ಮುಟ್ಟಬೇಡಿ. ಒಣಗಿದ ಮೇಲೆ ಚಿಮ್ಮಟದಲ್ಲಿ ತೆಗೆದ್ರೆ ಮುಂದಿನ ಕೋಟ್ ಅದನ್ನ ಕರಗಿಸಿ ಮುಚ್ಚಿಕೊಳ್ಳುತ್ತೆ. ಕೊನೇ ಕೋಟ್ ಹಸಿ ಇರುವಾಗಲೇ ಮಾಸ್ಕಿಂಗ್ ಟೇಪ್ ಎಳೆದುಬಿಡಿ. ಒಣಗಿದ ಮೇಲೆ ಎಳೆದ್ರೆ ಟೇಪಿನ ಜೊತೆ ಕೋಟಿಂಗೂ ಹರಿದು ಬರುತ್ತೆ.

ಲೆಕ್ಕ ಹೇಳ್ಬೇಕಂದ್ರೆ, ಒಂದು ಬಾನೆಟ್ಟಿಗೇ ನಾಲ್ಕೈದು ಕ್ಯಾನ್ ಹೋಗುತ್ತೆ. ಇಡೀ ಕಾರಿಗೆ ಕ್ಯಾನ್ ನಂಬ್ಕೊಬೇಡಿ, ಹೊಡೆಯೋಕೆ ರೆಡಿ ಇರೋ ದ್ರವ ಸುಮಾರು 15 ಲೀಟರ್ ಬೇಕಾಗುತ್ತೆ, ಅದಕ್ಕೆ ಸ್ಪ್ರೇ ಗನ್ನೇ ಸರಿ. ಈ ರಬ್ಬರ್ ಕೋಟಿಂಗಿಗೊಂದು ದೊಡ್ಡ ವೈರಿ ಪೆಟ್ರೋಲ್. ಟ್ಯಾಂಕ್ ಮುಚ್ಚಳದ ಕೆಳಗೆ ತೊಟ್ಟಿಕ್ಕಿದ್ರೆ ಕೋಟಿಂಗ್ ಮೆತ್ತಗಾಗಿ ಏಳುತ್ತೆ, ತಕ್ಷಣ ನೀರು ಹಾಕಿ ತೊಳೀಬೇಕು, ಒರೆಸಬಾರದು.

ಟೇಪಿಗೆ ಪೇಂಟ್ ಬಂದ್ರೆ ದಾರಿಯೇ ಬೇರೆ. ಎದ್ದಿರೋ ಕ್ಲಿಯರ್ ಪೂರ್ತಿ ತೆಗೆದು, ತುಕ್ಕಿದ್ರೆ 80 ನಂಬರ್ ಪೇಪರಲ್ಲಿ ಲೋಹ ಕಾಣೋವರೆಗೂ ಉಜ್ಜಿ, ಲೋಹಕ್ಕೆ ಹಿಡಿಯೋ ಎಪಾಕ್ಸಿ ಪ್ರೈಮರ್, ಬೇಕಾದ ಕಡೆ ಪುಟ್ಟಿ, ಆಮೇಲೆ ಸಣ್ಣ ಗೀರು ತುಂಬೋ ಸರ್ಫೇಸರ್ ಎರಡು ಮೂರು ಕೋಟ್. ಅದನ್ನ ಪೇಪರ್ ಸುತ್ತೋ ಚಪ್ಪಟೆ ಬ್ಲಾಕ್ ಹಿಡಿದು 400, ಆಮೇಲೆ 600ರಲ್ಲಿ ಉಜ್ಜಿ, ಬಣ್ಣದ ಬೇಸ್ ಕೋಟ್, ಕೊನೇಲಿ ಟೂ-ಕೆ, ಅಂದ್ರೆ ಹಾರ್ಡನರ್ ಬೆರೆಸಿ ಹೊಡೆಯೋ, ಮ್ಯಾಟ್ ಕ್ಲಿಯರ್. ಗ್ರೀಸ್ ರಿಮೂವರಲ್ಲಿ ಒರೆಸೋದು ಉಜ್ಜೋ ಮುಂಚೆ, ಇಲ್ದಿದ್ರೆ ಪೇಪರೇ ಜಿಡ್ಡನ್ನ ಗೀರೊಳಗೆ ತುಂಬಿ, ಆಮೇಲೆ ಪೇಂಟಲ್ಲಿ ಮೀನಿನ ಕಣ್ಣಿನ ಹಾಗೆ ಗುಳಿ ಬೀಳುತ್ತೆ.

ಮ್ಯಾಟ್ ಕ್ಲಿಯರಲ್ಲಿ ಹೊಳಪು ಕಡಿಮೆ ಮಾಡೋ ಪುಡಿ ಡಬ್ಬದ ತಳದಲ್ಲಿ ಕೂತಿರುತ್ತೆ. ಚಪ್ಪಟೆ ಕಡ್ಡೀಲಿ ತಳ ಕೆರೆದು ಕಲಸಿ. ಇಡೀ ಕಾರಿಗೆ ಒಂದೇ ಬ್ಯಾಚಿನ ಡಬ್ಬ ತಗೊಂಡು, ಹಾರ್ಡನರ್ ಹಾಕೋ ಮುಂಚೆ ಒಂದೇ ಪಾತ್ರೇಲಿ ಬೆರೆಸಿಕೊಳ್ಳಿ, ಇಲ್ದಿದ್ರೆ ಬಾಗಿಲು ಒಂದು ಥರ, ಫೆಂಡರ್ ಒಂದು ಥರ ಕಾಣುತ್ತೆ. ಎರಡೇ ಕೋಟು. ಮೊದಲನೇದು ಎಲ್ಲೂ ಒದ್ದೆ ಹೊಳಪಿಲ್ಲದೆ ಪೂರ್ತಿ ಮಂಕಾದ ಮೇಲೇ ಎರಡನೇದು. ಆತುರ ಮಾಡಿದ್ರೆ, ದಪ್ಪ ಹೊಡೆದ್ರೆ, ಅಷ್ಟು ಜಾಗ ಹೊಳೆಯುತ್ತೆ. ಟಾಪಲ್ಲಿ ಅರ್ಧಕ್ಕೆ ನಿಂತ್ರೆ ಪಟ್ಟೆಪಟ್ಟೆ ಗ್ಯಾರಂಟಿ.

ಭಾವ, ಇದೊಂದು ಮಾತು ದಯವಿಟ್ಟು ಕೇಳಿ. ಟೂ-ಕೆ ಹಾರ್ಡನರಲ್ಲಿ ಐಸೋಸಯನೇಟ್ ಅನ್ನೋ ಅಪಾಯದ ರಾಸಾಯನಿಕ ಇರುತ್ತೆ. ವಾಸನೆಯಿಂದ ಗೊತ್ತಾಗಲ್ಲ, ಒಂದು ಸಲ ಶ್ವಾಸಕೋಶಕ್ಕೆ ಅಲರ್ಜಿ ಹತ್ತಿದ್ರೆ ಅಸ್ತಮಾ ಜೀವನಪೂರ್ತಿ ಕಾಡಬಹುದು. ಬಟ್ಟೆ ಮಾಸ್ಕು, ಧೂಳಿನ ಮಾಸ್ಕು ಲೆಕ್ಕಕ್ಕಿಲ್ಲ, ಹೊರಗಿನ ಗಾಳಿ ಪೈಪಲ್ಲಿ ಬರೋ ಮಾಸ್ಕೇ ಬೇಕು. ಮನೆ ಗ್ಯಾರೇಜಲ್ಲಿ, ಮಕ್ಕಳು ಓಡಾಡೋ ಕಡೆ ಬೇಡವೇ ಬೇಡ. ಉಜ್ಜೋದು, ಪುಟ್ಟಿ, ಮಾಸ್ಕಿಂಗ್ ನೀವು ಮಾಡ್ಕೊಳ್ಳಿ, ಕ್ಲಿಯರ್ ಮಾತ್ರ ಪೇಂಟ್ ಹೊಡೆಯೋ ಮುಚ್ಚಿದ ಕೋಣೆ, ಅಂದ್ರೆ ಬೂತ್, ಇರೋರ ಹತ್ರ ಹೊಡೆಸಿ.

ಅಕ್ಕ ತೊಳೆಯೋದು ಹೇಗೆ ಅಂತ ಕೇಳಿದ್ರು. ಸಾದಾ ಕಾರ್ ಶಾಂಪೂ, ಮೆತ್ತಗಿನ ಬಟ್ಟೆ ಸಾಕು ಅಕ್ಕ. ವ್ಯಾಕ್ಸು, ಪಾಲಿಶು, ಬ್ರಷ್ ತಿರುಗೋ ಮೆಷಿನ್ ವಾಶ್ ಬೇಡ. ಹಕ್ಕಿ ಹಿಕ್ಕೆ ಬಿದ್ರೆ ಒದ್ದೆ ಬಟ್ಟೆ ಹಾಕಿ ನೆನೆಸಿ ಎತ್ತಿ, ಉಗುರಲ್ಲಿ ಕೆರೀಬೇಡಿ.

ಭಾವ, ಟೇಪ್ ಎಳೆದ ಮೇಲೆ ಟೇಪಿಂದೂ ಬಾನೆಟ್ ಅಂಚಿಂದೂ ಹತ್ತಿರದಿಂದ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಯಾವುದು ತರ್ಬೇಕು ಅಂತ ಹೇಳ್ತೀನಿ.