ಮಂಡಿಯ ಓರೆ ಸರಿಪಡಿಸುವ ಶಸ್ತ್ರಚಿಕಿತ್ಸೆ: ಮುಂದಿನ ದಶಕಗಳಲ್ಲಿ ಕಾಲು ಹೇಗಿರುತ್ತದೆ?

ಪ್ರಶ್ನೆ
ನನ್ನ ತಂಗಿಗೆ ಈಗ 24 ವರ್ಷ. ಬಾಲ್ಯದಿಂದಲೂ ಅವಳ ಮಂಡಿಗಳು ಒಳಕ್ಕೆ ವಾಲಿವೆ. ನಿಂತಾಗ ಮಂಡಿಗಳು ಒಂದಕ್ಕೊಂದು ತಾಗಿ, ಪಾದಗಳು ದೂರವೇ ಉಳಿಯುತ್ತವೆ. ಈಚೆಗೆ ಮೆಟ್ಟಿಲು ಇಳಿಯುವಾಗ ಬಲಮಂಡಿಯ ಹೊರಬದಿ ನೋಯುತ್ತಿದೆ. ತೊಡೆಮೂಳೆಯ ಕೆಳತುದಿಯನ್ನು ಕತ್ತರಿಸಿ, ಕೋನ ಸರಿಪಡಿಸಿ, ಪ್ಲೇಟ್ ಹಾಕುವ ಆಸ್ಟಿಯಾಟಮಿಯನ್ನು ಮೂಳೆ ವೈದ್ಯರು ಸೂಚಿಸಿದ್ದಾರೆ. ಈಗಲೇ ಮಾಡಿಸಿದರೆ ಐವತ್ತರ ಹೊತ್ತಿಗೆ ಮಂಡಿ ಹೇಗಿರುತ್ತದೆ? ನೋವು ಹೆಚ್ಚಾಗುವವರೆಗೆ ಕಾದು, ಆಮೇಲೆ ಕೃತಕ ಮಂಡಿಯನ್ನೇ ಹಾಕಿಸುವುದು ಮೇಲೇ?

ಉತ್ತರ: ಮೂಳೆ ಶಸ್ತ್ರಚಿಕಿತ್ಸಕರು
ಕೃತಕ ಮಂಡಿಗಾಗಿ ಕಾಯುವುದನ್ನು ನಾನು ಒಪ್ಪುವುದಿಲ್ಲ. ಸೊಂಟದ ಕೀಲಿನ ನಡುವಿನಿಂದ ಪಾದದ ಕೀಲಿನ ನಡುವಿಗೆ ಎಳೆದ ಗೆರೆ ಸಹಜವಾಗಿ ಮಂಡಿಯ ಮಧ್ಯಭಾಗದ ಹತ್ತಿರ ಹಾದುಹೋಗಬೇಕು. ಒಳಕ್ಕೆ ವಾಲಿದ ಮಂಡಿಯಲ್ಲಿ ಅದು ಹೊರಬದಿಗೆ ಸರಿದಿರುವುದರಿಂದ ಅಲ್ಲಿಯ ಮೃದ್ವಸ್ಥಿ (ಕೀಲಿನಲ್ಲಿ ಮೂಳೆಯ ತುದಿಯನ್ನು ಹೊದಿಸಿರುವ ನುಣುಪಾದ ಪದರ) ಪ್ರತಿ ಹೆಜ್ಜೆಯಲ್ಲೂ ಹೆಚ್ಚಿನ ಭಾರ ಹೊರುತ್ತದೆ, ಮತ್ತು ಒಮ್ಮೆ ಸವೆದುಹೋದ ಮೃದ್ವಸ್ಥಿ ಮೊದಲಿನಂತೆ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಎಷ್ಟು ವರ್ಷ ಬಾಳಿಕೆ ಎಂಬುದಕ್ಕಿಂತ, ಈಗ ಮೃದ್ವಸ್ಥಿ ಎಷ್ಟು ಉಳಿದಿದೆ ಎಂಬುದೇ ಮುಖ್ಯ. ಈ ಚಿಕಿತ್ಸೆಯ ದೀರ್ಘಕಾಲದ ವರದಿಗಳಲ್ಲಿ ಹೆಚ್ಚಿನವು ಸವೆತ ಶುರುವಾಗಿದ್ದ ನಡುವಯಸ್ಸಿನವರನ್ನು ಕುರಿತವು. ಅವರಲ್ಲೂ 10 ವರ್ಷಗಳ ನಂತರ ಬಹುಪಾಲು ಜನರಿಗೆ ಕೃತಕ ಮಂಡಿ ಬೇಕಾಗಿರುವುದಿಲ್ಲ. ಕೃತಕ ಮಂಡಿಯನ್ನು ಚಿಕ್ಕ ವಯಸ್ಸಿನಲ್ಲಿ ಹಾಕಿಸಿದಷ್ಟೂ ಅದನ್ನು ಮತ್ತೆ ಬದಲಿಸಬೇಕಾದ ಸಾಧ್ಯತೆ ಹೆಚ್ಚು.

ನಿಂತ ಭಂಗಿಯಲ್ಲಿ ಇಡೀ ಕಾಲಿನ ಎಕ್ಸ್‌ರೇ ತೆಗೆದಿದ್ದಾರೆಯೇ, ಓರೆ ನಿಜಕ್ಕೂ ತೊಡೆಮೂಳೆಯಲ್ಲೇ ಇದೆಯೇ ಎಂದು ದಯವಿಟ್ಟು ಕೇಳಿ. ಮೊಣಕಾಲಿನ ಕೆಳಗಿನ ಮೂಳೆಯಲ್ಲಿರುವ ಓರೆಯನ್ನು ತೊಡೆಮೂಳೆಯಲ್ಲಿ ತಿದ್ದಿದರೆ ಕಾಲು ನೇರವಾಗಿ ಕಂಡರೂ ಕೀಲಿನ ಮಟ್ಟವೇ ವಾಲಿ, ಮುಂದೆ ತೊಂದರೆಯಾಗುತ್ತದೆ. ಅಪಾಯಗಳೂ ಇವೆ: ಮೂಳೆ ಕೂಡದಿರುವುದು, ಸೋಂಕು, ರಕ್ತ ಹೆಪ್ಪುಗಟ್ಟುವುದು, ದೊಡ್ಡ ಕೋನವನ್ನು ಒಮ್ಮೆಲೇ ತಿದ್ದಿದಾಗ ಮಂಡಿಯ ಹೊರಬದಿಯ ನರ ಎಳೆತಕ್ಕೊಳಗಾಗಿ ಪಾದ ಎತ್ತುವ ಶಕ್ತಿ ಕುಂದುವುದು.

ಉತ್ತರ: ಇದೇ ಚಿಕಿತ್ಸೆ ಮಾಡಿಸಿಕೊಂಡವರು
ನನಗೆ ಕೆಲವು ವರ್ಷಗಳ ಹಿಂದೆ ಇದೇ ಜಾಗದಲ್ಲಿ ಮಾಡಿದರು. ಮೂಳೆ ಚೆನ್ನಾಗಿ ಕೂಡಿತು, ಹಳೆಯ ನೋವು ಹೋಯಿತು. ಆದರೆ ಮಂಡಿ ಮಡಿಸಿದಾಗಲೆಲ್ಲ ತೊಡೆಯ ಹೊರಬದಿಯಲ್ಲಿ ಚರ್ಮದಡಿ ಇರುವ ಗಟ್ಟಿ ಅಂಗಾಂಶದ ಪಟ್ಟಿ ಪ್ಲೇಟಿನ ಅಂಚಿಗೆ ಉಜ್ಜಿ ಕಿರಿಕಿರಿಯಾಗುತ್ತಿತ್ತು. ಪ್ಲೇಟ್ ತೆಗೆಸಿದ ಮೇಲೆಯೇ ಅದು ನಿಂತದ್ದು. ಈ ಎರಡನೆಯ ಶಸ್ತ್ರಚಿಕಿತ್ಸೆಯ ಸಾಧ್ಯತೆಯನ್ನು ತಂಗಿಗೆ ಮೊದಲೇ ತಿಳಿಸಿಡಿ.

ಉತ್ತರ: ಫಿಸಿಯೋಥೆರಪಿಸ್ಟ್
ಊರುಗೋಲಿನ ವಾರಗಳಲ್ಲಿ ತೊಡೆಯ ಮುಂಭಾಗದ ಸ್ನಾಯು ಕಣ್ಣಿಗೆ ಕಾಣುವಷ್ಟು ತೆಳುವಾಗುತ್ತದೆ. ಅದನ್ನು ಮರಳಿ ಕಟ್ಟಲು ತಿಂಗಳುಗಳೇ ಬೇಕು. ನೋವು ಹೋಯಿತೆಂದು ವ್ಯಾಯಾಮ ನಿಲ್ಲಿಸುವವರೇ ಮುಂದೆ ಕಷ್ಟಪಡುವುದನ್ನು ನೋಡುತ್ತೇನೆ. ಧೂಮಪಾನವಿದ್ದರೆ ಪೂರ್ತಿ ಬಿಡಬೇಕು, ಅದು ಮೂಳೆ ಕೂಡುವುದನ್ನು ತಡಮಾಡುತ್ತದೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಡಾಕ್ಟರೇ, ಎರಡೂ ಕಾಲುಗಳನ್ನು ಒಟ್ಟಿಗೆ ಮಾಡಿಸಬಹುದೇ?

ಉತ್ತರ: ಮೂಳೆ ಶಸ್ತ್ರಚಿಕಿತ್ಸಕರು
ಕೆಲವರು ಮಾಡುತ್ತಾರೆ. ನನ್ನ ಒಲವು ಒಂದೊಂದಾಗಿ ಮಾಡುವುದರ ಕಡೆಗೆ, ಏಕೆಂದರೆ ಆಗ ಊರಿ ನಿಲ್ಲಲು ಒಂದು ಕಾಲಾದರೂ ಇರುತ್ತದೆ. ನೋಯುತ್ತಿರುವ ಬಲಗಾಲು ಮೊದಲು. ಅದರ ಮೂಳೆ ಕೂಡಿರುವುದು ಎಕ್ಸ್‌ರೇಯಲ್ಲಿ ಕಂಡ ಮೇಲೆ ಎಡಗಾಲು.